ಮಧ್ಯಾಹ್ನದ ಹೊತ್ತಿಗೆ ಮಾಯವಾಗುತ್ತಿದ್ದ ಅಂಕಗಳು

ಮಗಳು ಒಂಬತ್ತನೇ ತರಗತಿಯಲ್ಲಿ ಬರೆದ ಅರ್ಧವಾರ್ಷಿಕ ಗಣಿತ ಪರೀಕ್ಷೆಯ ಉತ್ತರ ಪತ್ರಿಕೆ ಈಗಲೂ ನಮ್ಮ ಕಪಾಟಿನಲ್ಲಿ ಉಂಟು. ಮೊದಲ ನಾಲ್ಕು ಪುಟ ನೋಡಿದರೆ ಯಾರಿಗೂ ಖುಷಿಯಾಗಬೇಕು. ದುಂಡನೆಯ ಅಕ್ಷರ, ನೇರ ಸಾಲು, ಒಂದು ಲೆಕ್ಕವೂ ತಪ್ಪಿಲ್ಲ. ಐದನೇ ಪುಟದಲ್ಲಿ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಲು ಶುರುವಾಗುತ್ತವೆ. ಒಂದೇ ಸಾಲನ್ನು ಎರಡು ಸಲ ಬರೆದಿದ್ದಾಳೆ. ಆರನೇ ಪುಟದಲ್ಲಿ ಪ್ರಶ್ನೆಯ ಸಂಖ್ಯೆ ಮಾತ್ರ ಇದೆ, ಉತ್ತರ ಇಲ್ಲ. ಅದರಾಚೆಗೆ ಎಲ್ಲವೂ ಖಾಲಿ. 80ರಲ್ಲಿ 39 ಅಂಕ. ಅದಕ್ಕೂ ಒಂದು ತಿಂಗಳ ಹಿಂದಿನ ಕಿರು ಪರೀಕ್ಷೆಯಲ್ಲಿ ಇದೇ ಹುಡುಗಿಗೆ ಇದೇ ಗಣಿತದಲ್ಲಿ 20ರಲ್ಲಿ 20 ಬಂದಿತ್ತು.

ಶಾಲೆಯಲ್ಲಿ ಟೀಚರ್ ಹೇಳಿದ್ದು ಒಂದೇ ಮಾತು: ‘ಬುದ್ಧಿ ಇದೆ, ಉದಾಸೀನ ಹೆಚ್ಚು.’ ನಾವೂ ಅದನ್ನೇ ನಂಬಿದೆವು. ನಮ್ಮಲ್ಲೊಬ್ಬರು ಆಗ ಜುಬೈಲಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಂದ ವಿಡಿಯೋ ಕಾಲ್‌ನಲ್ಲಿ ಬೈಗುಳ, ಇಲ್ಲಿ ಮನೆಯಲ್ಲಿ ಬೈಗುಳ. ಮೊಬೈಲ್ ಕಸಿದುಕೊಂಡೆವು. ಅವಳು ಹೇಳಿದ್ದು ಇಷ್ಟೇ: ‘ಉಮ್ಮಾ, ನನಗೆ ಗೊತ್ತಿತ್ತು. ಬರೆಯುವಾಗ ಎಂತ ಆಯಿತು ಅಂತ ಗೊತ್ತಾಗ್ಲಿಲ್ಲ.’ ಅದನ್ನು ನಾವು ನೆಪ ಎಂದುಕೊಂಡೆವು. ಆ ಮಾತಿನಲ್ಲೇ ಉತ್ತರ ಇತ್ತು ಎಂದು ತಿಳಿಯಲು ನಮಗೆ ಮತ್ತೆ ಐದು ತಿಂಗಳು ಬೇಕಾಯಿತು.

ನಾವು ಮುಚ್ಚಿಟ್ಟದ್ದು

ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ಟೈಪ್ 1 ಡಯಾಬಿಟಿಸ್ ಇರುವುದು ಗೊತ್ತಾಯಿತು. ವಿಪರೀತ ದಾಹ, ರಾತ್ರಿ ನಾಲ್ಕೈದು ಸಲ ಮೂತ್ರ, ಒಂದೇ ತಿಂಗಳಲ್ಲಿ ಇಳಿದುಹೋದ ಮೈ. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರ್ ಬಿಡಿಸಿ ಹೇಳಿದರು. ಇದು ನಮ್ಮ ಹಿರಿಯರಿಗೆ ಬರುವಂಥ ಸಕ್ಕರೆ ಕಾಯಿಲೆ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿ ಬಸುರಿಯಲ್ಲಿ ಏನೋ ತಿಂದದ್ದರಿಂದಲೂ ಅಲ್ಲ. ಅಂಟುವುದಿಲ್ಲ. ಇದಕ್ಕೆ ಮಾತ್ರೆ ಸಾಲದು, ಇನ್ಸುಲಿನ್ ಚುಚ್ಚಲೇಬೇಕು, ಜೀವನಪೂರ್ತಿ.

ಮನೆಗೆ ಬಂದ ಮೇಲೆ ಅಜ್ಜಿ ಬಾಗಿಲು ಹಾಕಿ ಕುಳ್ಳಿರಿಸಿ ಹೇಳಿದರು: ‘ಹೆಣ್ಣು ಮಗು. ನಾಳೆ ಮದುವೆಯ ಮಾತು ಬರುವಾಗ ಇದೆಲ್ಲ ಎದ್ದು ನಿಲ್ಲುತ್ತದೆ. ಯಾರಿಗೂ ಹೇಳುವುದು ಬೇಡ.’ ಅವರ ಭಯ ಸುಳ್ಳಲ್ಲ. ಸಂಬಂಧ ನೋಡಲು ಬಂದವರು ಹುಡುಗಿಯ ಬಗ್ಗೆ ಎಂತೆಂಥ ಪ್ರಶ್ನೆ ಕೇಳುತ್ತಾರೆ ಎಂಬುದು ಈ ಪುಟ ಓದುವ ಎಲ್ಲ ಮನೆಗಳಿಗೂ ಗೊತ್ತು. ನಾವು ಒಪ್ಪಿಕೊಂಡೆವು. ಶಾಲೆಗೆ ಹೇಳಲಿಲ್ಲ, ಮದ್ರಸಕ್ಕೆ ಹೇಳಲಿಲ್ಲ. ಹನ್ನೊಂದರ ಮಗುವಿಗೆ ನಾವು ಕಲಿಸಿದ ಮೊದಲ ಪಾಠ ಇಂಜೆಕ್ಷನ್ ಚುಚ್ಚುವುದಲ್ಲ, ಅದನ್ನು ಅಡಗಿಸುವುದು.

ಸಂಬಂಧಿಕರಲ್ಲಿ ತಿಳಿದ ಒಂದಿಬ್ಬರು ಸುಮ್ಮನಿರಲಿಲ್ಲ. ‘ಇಷ್ಟು ಸಣ್ಣ ಮಗುವಿಗೆ ಸೂಜಿಯಾ? ನಾಟಿ ಮದ್ದು ಮಾಡಿ, ಸೂಜಿ ನಿಲ್ಲಿಸಿ’ ಎಂದರು. ಅಲ್ಹಮ್ದುಲಿಲ್ಲಾಹ್, ಆ ಮಾತನ್ನು ಮಾತ್ರ ನಾವು ಕೇಳಲಿಲ್ಲ. ಕೆನಡಾದ ಟೊರಾಂಟೊದಲ್ಲಿ 1922ರ ಜನವರಿಯಲ್ಲಿ 14ರ ಹರೆಯದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ ಎಂದು ಡಾಕ್ಟರ್ ನಮಗೆ ಮೊದಲ ದಿನವೇ ಹೇಳಿದ್ದರು. ಇಂದಿಗೂ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಜೀವಕ್ಕೇ ಅಪಾಯ.

ಬೆಳಗ್ಗೆ ಚುರುಕು, ಮಧ್ಯಾಹ್ನ ಮಂಕು

ನಮ್ಮ ಮಕ್ಕಳ ದಿನಚರಿ ನಿಮಗೆ ಹೇಳಬೇಕಾಗಿಲ್ಲ. ಸುಬ್‌ಹಿ ನಮಾಝ್ ಮುಗಿದ ಬೆನ್ನಿಗೆ ಮದ್ರಸ, ಅಲ್ಲಿಂದ ಓಡಿ ಬಂದು ಸಮವಸ್ತ್ರ, ಬಸ್ಸು, ಶಾಲೆ. ಮಗಳಿಗೆ ಆಗ ದಿನಕ್ಕೆ ಎರಡು ಸಲ ಮಿಶ್ರ ಇನ್ಸುಲಿನ್ ಇತ್ತು. ಬೆಳಗ್ಗಿನದ್ದನ್ನು ಆರೂವರೆಗೆ ಕೊಟ್ಟು ಎರಡು ನೀರುದೋಸೆ ತಿನ್ನಿಸಿ ಮದ್ರಸಕ್ಕೆ ಕಳುಹಿಸುತ್ತಿದ್ದೆವು. ಮತ್ತೆ ಅವಳು ಸರಿಯಾಗಿ ಉಣ್ಣುತ್ತಿದ್ದದ್ದು ಮಧ್ಯಾಹ್ನ ಒಂದೂವರೆಗೆ. ನಡುವೆ ಹನ್ನೊಂದು ಗಂಟೆಯ ವಿರಾಮದಲ್ಲಿ ತಿನ್ನಲು ಡಬ್ಬಿಯಲ್ಲಿ ಎರಡು ಬಿಸ್ಕತ್ತು, ಒಂದು ಬಾಳೆಹಣ್ಣು ಇಡುತ್ತಿದ್ದೆವು. ಡಬ್ಬಿ ಸಂಜೆ ಖಾಲಿಯಾಗಿಯೇ ಬರುತ್ತಿತ್ತು. ಅದನ್ನು ಗೆಳತಿಗೆ ಕೊಡುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ‘ದಿನಾ ನೀನು ಮಾತ್ರ ಎಂತಕ್ಕೆ ತಿನ್ನುವುದು ಅಂತ ಕೇಳ್ತಾರೆ. ನೀವು ಹೇಳಬಾರದು ಅಂದಿದ್ದೀರಿ ಅಲ್ವಾ?’

ರಕ್ತದ ಸಕ್ಕರೆ ನೋಡುತ್ತಿದ್ದದ್ದೂ ದಿನಕ್ಕೆ ಎರಡೇ ಸಲ, ಬೆಳಗ್ಗೆ ಮತ್ತು ರಾತ್ರಿ. ಒಂದೊಂದು ಸ್ಟ್ರಿಪ್‌ಗೂ ಹಣ ಕೊಡಬೇಕಲ್ಲ. ಪುಸ್ತಕದಲ್ಲಿ ಬೆಳಗ್ಗೆ 120, ರಾತ್ರಿ 160, ಹೀಗೆ ಚಂದವಾಗಿಯೇ ಕಾಣುತ್ತಿತ್ತು. ಮಧ್ಯಾಹ್ನ ಏನಾಗುತ್ತಿದೆ ಎಂದು ನೋಡಿದವರೇ ಇಲ್ಲ.

ಇದರ ನಡುವೆ ಅಂಕಗಳು ಮಾತ್ರ ಏರಿ ಇಳಿಯುತ್ತಿದ್ದವು. ಮದ್ರಸದಲ್ಲಿ ಅವಳು ಯಾವಾಗಲೂ ಮುಂದೆ. ಶಾಲೆಯಲ್ಲಿ ಬೆಳಗ್ಗಿನ ಮೊದಲ ಪೀರಿಯಡ್‌ನಲ್ಲಿ ನಡೆಯುವ ಕಿರು ಪರೀಕ್ಷೆಗಳಲ್ಲಿ ಪೂರ್ತಿ ಅಂಕ. ಮೂರು ಗಂಟೆಯ ದೊಡ್ಡ ಪರೀಕ್ಷೆ ಬಂದರೆ ಒಂದು ವಿಷಯದಲ್ಲಿ 70, ಇನ್ನೊಂದರಲ್ಲಿ 39. ‘ಒಂದೇ ಮಗುವಾ ಇದು?’ ಎಂದು ನಾವೇ ಕೇಳಿಕೊಂಡದ್ದುಂಟು.

ವಾರ್ಷಿಕ ಪರೀಕ್ಷೆಗೆ ಮುಂಚೆ ಆಸ್ಪತ್ರೆಗೆ ಹೋದಾಗ, ಓದಿನಲ್ಲಿ ಗಮನ ಇಲ್ಲ ಎಂದು ಡಾಕ್ಟರ ಬಳಿ ದೂರು ಹೇಳಿದೆವು. ಅವರು ಅವಳನ್ನು ಬೈಯುತ್ತಾರೆ ಎಂದು ನಮ್ಮ ನಿರೀಕ್ಷೆ. ಅವರು ಕೇಳಿದ್ದು ಬೇರೆ: ‘ಪರೀಕ್ಷೆ ಎಷ್ಟು ಗಂಟೆಗೆ ಇತ್ತು? ಆಗ ಶುಗರ್ ಎಷ್ಟಿತ್ತು?’ ಎರಡನೆಯದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಅವರ ಸಲಹೆಯಂತೆ ಮುಂದಿನ ರವಿವಾರ ಮನೆಯಲ್ಲೇ ಪರೀಕ್ಷೆ ಮಾಡಿದೆವು. ಶಾಲೆಯ ದಿನದ ಹಾಗೆಯೇ ಆರೂವರೆಗೆ ಇನ್ಸುಲಿನ್, ಅಷ್ಟೇ ತಿಂಡಿ. ಹತ್ತು ಗಂಟೆಗೆ ಹಳೆಯ ಗಣಿತ ಪ್ರಶ್ನೆಪತ್ರಿಕೆ ಕೊಟ್ಟು ಮೇಜಿನ ಮುಂದೆ ಕೂರಿಸಿ, ಪಕ್ಕದಲ್ಲೇ ನಾವೂ ಕೂತೆವು. ಆಗ ಮೀಟರ್ 118 ತೋರಿಸಿತು. ಹನ್ನೊಂದರವರೆಗೆ ಪೆನ್ನು ಓಡುತ್ತಲೇ ಇತ್ತು. ಹನ್ನೊಂದೂವರೆಗೆ ಅಕ್ಷರ ಗೆರೆ ಬಿಟ್ಟು ಜಾರಿತು. ‘ಎಂತ ಆಗ್ತದೆ ಮಗಾ?’ ಎಂದರೆ ‘ಏನಿಲ್ಲ’ ಎಂದಳು. ಮುಖದಲ್ಲಿ ಸಣ್ಣ ಬೆವರು. ಬೆರಳು ಚುಚ್ಚಿ ನೋಡಿದರೆ 54.

ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಅದು ಕಡಿಮೆ ಸಕ್ಕರೆ, ಕೂಡಲೇ ಸರಿಪಡಿಸಬೇಕು. ಮೂರು ಚಮಚ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 88. ಆದರೂ ಅವಳು ಸರಿಯಾಗಿ ಲೆಕ್ಕ ಬಿಡಿಸಲು ಮತ್ತೆ ಅರ್ಧ ಗಂಟೆ ಹಿಡಿಯಿತು. ಎಲ್ಲ ಆದ ಮೇಲೆ ತಾನು ಬರೆದ ಹಾಳೆಯನ್ನು ನೋಡಿ ಕೇಳಿದಳು: ‘ಇದನ್ನು ನಾನೇ ಬರೆದದ್ದಾ?’

ಆ ಹೊತ್ತು ನಮಗಿಬ್ಬರಿಗೂ ಕಪಾಟಿನಲ್ಲಿದ್ದ ಉತ್ತರ ಪತ್ರಿಕೆ ನೆನಪಾಯಿತು. ಒಬ್ಬರು ಮೇಜಿನ ಬಳಿ, ಒಬ್ಬರು ಫೋನಿನ ಆ ಕಡೆ. ಯಾರಿಗೂ ಮಾತು ಬರಲಿಲ್ಲ. ನಾವು ಬೈದದ್ದು ಅವಳ ಉದಾಸೀನಕ್ಕಲ್ಲ, ಅವಳ ರಕ್ತದಲ್ಲಿ ಸಕ್ಕರೆ ಸಾಲದೆ ಹೋದದ್ದಕ್ಕೆ.

ಕಾರಣ ಒಂದೇ ಅಲ್ಲ

ಡಾಕ್ಟರ್ ವಿವರಿಸಿದರು. ಮೆದುಳು ಕೆಲಸ ಮಾಡುವುದು ಮುಖ್ಯವಾಗಿ ರಕ್ತದ ಗ್ಲೂಕೋಸ್‌ನಿಂದ. ಅದು ಇಳಿದರೆ ಮೊದಲು ಏಟು ಬೀಳುವುದು ಲೆಕ್ಕ, ನೆನಪು, ಗಮನ ಇವುಗಳ ಮೇಲೆ. ಬೆಳಗ್ಗೆ ಕೊಟ್ಟ ಇನ್ಸುಲಿನ್ ಹನ್ನೊಂದು–ಹನ್ನೆರಡರ ಹೊತ್ತಿಗೂ ಕೆಲಸ ಮಾಡುತ್ತಿರುತ್ತದೆ, ಹೊಟ್ಟೆಯಲ್ಲಿ ಆಗ ಏನೂ ಇರುವುದಿಲ್ಲ. ಪದೇಪದೇ ಹೀಗಾದರೆ ನಡುಕ, ಎದೆಬಡಿತ ಮುಂತಾದ ಎಚ್ಚರಿಕೆಯ ಲಕ್ಷಣಗಳೂ ಮಂಕಾಗುತ್ತವೆ. ಅದಕ್ಕೇ ಅವಳಿಗೆ ‘ಏನಿಲ್ಲ’ ಎನಿಸಿದ್ದು.

ಸಕ್ಕರೆ ಏರಿದರೂ ಕಷ್ಟವೇ. ಬಾಯಿ ಒಣಗುವುದು, ಮತ್ತೆಮತ್ತೆ ಮೂತ್ರಕ್ಕೆ ಹೋಗಬೇಕಾಗುವುದು, ಕಣ್ಣು ಮಂಜಾಗುವುದು, ಸಿಡಿಮಿಡಿ. ಪರೀಕ್ಷೆಯ ಹೆದರಿಕೆಯಿಂದಲೇ ಕೆಲವು ಮಕ್ಕಳಿಗೆ ಸಕ್ಕರೆ ಏರುತ್ತದೆ. ಜ್ವರ ಬಂದರೂ ಏರುತ್ತದೆ. ಹೀಗಾಗಿ ಒಂದೇ ಮಗು ಒಂದೇ ವಾರದಲ್ಲಿ ಎರಡು ಥರ ಬರೆಯುವುದು ಆಶ್ಚರ್ಯವಲ್ಲ.

ಡಾಕ್ಟರ್ ಹೇಳಿದ ಇನ್ನೊಂದು ವಿಷಯ ನಮ್ಮ ಮನಸ್ಸಿನಲ್ಲಿ ಉಳಿಯಿತು. ಅವರು ಒಂದು ದಿನದ ರೀಡಿಂಗ್ ನೋಡಿ ಮಗುವಿನ ಸ್ಥಿತಿ ತೀರ್ಮಾನಿಸುವುದಿಲ್ಲ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಮಾಡಿಸಿ ಎರಡು–ಮೂರು ತಿಂಗಳ ಸರಾಸರಿ ನೋಡುತ್ತಾರೆ. ಅದರ ಜೊತೆಗೆ ಯಾವ ಹೊತ್ತಿಗೆ ಏರಿತು, ಯಾವ ಹೊತ್ತಿಗೆ ಇಳಿಯಿತು ಎಂದೂ ನೋಡುತ್ತಾರೆ. ಅಂಕಪಟ್ಟಿಯನ್ನೂ ಹಾಗೆಯೇ ನೋಡಿ ಎಂದರು. ನಾವು ಅಂದಿನಿಂದ ಒಂದೇ ಪುಸ್ತಕದಲ್ಲಿ ಎರಡೂ ಬರೆಯಲು ಶುರು ಮಾಡಿದೆವು: ದಿನಾಂಕ, ಗಂಟೆ, ಸಕ್ಕರೆ, ತಿಂಡಿ, ಪರೀಕ್ಷೆ, ಅಂಕ. ಎರಡೇ ತಿಂಗಳಲ್ಲಿ ಕಣ್ಣಿಗೆ ಹೊಡೆದು ಕಾಣುವಂತಾಯಿತು. ಸಕ್ಕರೆ ಹದದಲ್ಲಿದ್ದ ದಿನ ಅವಳು ತರಗತಿಗೇ ಮೊದಲಿಗಳು.

ಆಮೇಲೆ ಡಾಕ್ಟರ್ ಇನ್ಸುಲಿನ್ ಕ್ರಮವನ್ನೇ ಬದಲಾಯಿಸಿದರು. ಈಗ ದಿನಕ್ಕೆ ನಾಲ್ಕು ಸಲ, ಊಟಕ್ಕೆ ತಕ್ಕ ಹಾಗೆ. ಇದು ಎಲ್ಲ ಮಕ್ಕಳಿಗೂ ಒಂದೇ ಥರ ಇರುವುದಿಲ್ಲ. ಡೋಸ್‌ನ ವಿಷಯದಲ್ಲಿ ಇನ್ನೊಬ್ಬರ ಮನೆಯ ಮಾತು ಕೇಳಬೇಡಿ, ನಮ್ಮದನ್ನೂ.

ಶಾಲೆಗೆ ಹೇಳಿದೆವು

ಚುಚ್ಚುಮದ್ದು ಬದಲಾಯಿಸುವುದಕ್ಕಿಂತ ಕಷ್ಟವಾದದ್ದು ಬಾಯಿ ಬಿಡುವುದು. ಶಾಲೆಯವರಿಗೆ ಹೇಳದೆ ಹನ್ನೊಂದು ಗಂಟೆಗೆ ಅವಳು ತಿನ್ನುವಂತಿಲ್ಲ, ಮೀಟರ್ ಇಟ್ಟುಕೊಳ್ಳುವಂತಿಲ್ಲ. ಅಜ್ಜಿ ಎರಡು ದಿನ ನಮ್ಮಲ್ಲಿ ಮಾತಾಡಲಿಲ್ಲ. ಆ ರವಿವಾರದ ಹಾಳೆಯನ್ನು ಅವರಿಗೆ ತೋರಿಸಿದೆವು. ಅವರಿಗೆ ಕನ್ನಡ ಓದಲು ಬಾರದು. ಆದರೆ ನೇರ ಸಾಲು ಎಲ್ಲಿ ಕೆಳಗೆ ಬಿತ್ತು ಎಂದು ನೋಡಲು ಓದು ಬೇಡವಲ್ಲ. ಹಾಳೆಯನ್ನು ತುಂಬಾ ಹೊತ್ತು ಹಿಡಿದುಕೊಂಡು ಕೂತಿದ್ದರು. ‘ಹೋಗಿ ಹೇಳಿ’ ಎಂದರು.

ಶಾಲೆಯಲ್ಲಿ ನಾವು ಹೆದರಿದ ಹಾಗೆ ಏನೂ ಆಗಲಿಲ್ಲ. ಉದಾಸೀನ ಎಂದಿದ್ದ ಟೀಚರೇ ಹಳೆಯ ಉತ್ತರ ಪತ್ರಿಕೆಯನ್ನು ಇನ್ನೊಮ್ಮೆ ನೋಡಿ, ‘ನನಗಾದರೂ ಕೇಳಬೇಕಿತ್ತು’ ಎಂದರು. ವಿಜ್ಞಾನದ ಮೇಷ್ಟ್ರು ಒಂದು ದಿನ ತರಗತಿಯಲ್ಲಿ ಇನ್ಸುಲಿನ್ ಬಗ್ಗೆಯೇ ಪಾಠ ಮಾಡಿದರು, ಮಗಳ ಹೆಸರು ಹೇಳದೆ. ಆಮೇಲೆ ಅವಳೇ ಎದ್ದು ನಿಂತು ಮೀಟರ್ ತೋರಿಸಿದಳಂತೆ.

ರಮಝಾನ್ ಇನ್ನೊಂದು ಪರೀಕ್ಷೆ. ಅವಳ 2025ರ ಎಸೆಸೆಲ್ಸಿ ಪರೀಕ್ಷೆ ಶುರುವಾದದ್ದೇ ರಮಝಾನಿನಲ್ಲಿ. ಜೊತೆಯ ಹುಡುಗಿಯರೆಲ್ಲ ನೋಂಬು ಹಿಡಿದಿರುವಾಗ ತಾನೊಬ್ಬಳು ಪರೀಕ್ಷಾ ಕೊಠಡಿಯಲ್ಲಿ ತಿನ್ನುವುದೇ ಎಂದು ಅತ್ತಳು. ನಾವು ಅವಳನ್ನು ಉಸ್ತಾದರ ಬಳಿ ಕರೆದುಕೊಂಡು ಹೋದೆವು. ರೋಗಿಗೆ ಕುರ್‌ಆನ್‌ನಲ್ಲೇ ವಿನಾಯಿತಿ ಇದೆ, ಅದು ಅಲ್ಲಾಹನ ರಿಯಾಯಿತಿ, ಅದನ್ನು ಪಡೆಯುವುದರಲ್ಲಿ ನಾಚಿಕೆ ಎಂತಕ್ಕೆ ಎಂದು ಅವರು ಸಮಾಧಾನ ಹೇಳಿದರು. ಬೆರಳು ಚುಚ್ಚಿ ರಕ್ತ ನೋಡಿದರೆ ನೋಂಬು ಮುರಿಯುವುದಿಲ್ಲ ಎಂದೂ ಅವರೇ ತಿಳಿಸಿದರು. ಹಿರಿಯರಲ್ಲಿ ಹಲವರಿಗೆ ಇದು ಗೊತ್ತಿಲ್ಲ. ಮನೆಯವರು ನೂರು ಸಲ ಹೇಳಿದ್ದಕ್ಕಿಂತ ಉಸ್ತಾದರ ಆ ಒಂದು ಮಾತು ಅವಳಿಗೆ ಧೈರ್ಯ ಕೊಟ್ಟಿತು.

ಪರೀಕ್ಷಾ ಕೊಠಡಿಯಲ್ಲಿ

ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಇರುವ ಸೌಲಭ್ಯಗಳ ಬಗ್ಗೆ ಬಹಳ ಮನೆಗಳಿಗೆ ಮಾಹಿತಿ ಇಲ್ಲ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ವಿದ್ಯಾರ್ಥಿಗಳು ಸಕ್ಕರೆ ಮಾತ್ರೆ, ಹಣ್ಣು, ಲಘು ತಿಂಡಿ, ನೀರು ಒಯ್ಯಲು ಅನುಮತಿ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ತರಗತಿಯಲ್ಲೂ ಪರೀಕ್ಷೆಯಲ್ಲೂ ಈ ಮಕ್ಕಳಿಗೆ ಸಕ್ಕರೆ ಪರೀಕ್ಷಿಸಲು, ಇನ್ಸುಲಿನ್ ತೆಗೆದುಕೊಳ್ಳಲು, ತಿನ್ನಲು ಅವಕಾಶ ಕೊಡಬೇಕು ಎಂದು ಹೇಳಿತು. ಜೆಇಇಯಂಥ ಪ್ರವೇಶ ಪರೀಕ್ಷೆಗಳಲ್ಲೂ ಸಕ್ಕರೆ ಮಾತ್ರೆ, ಹಣ್ಣು, ಪಾರದರ್ಶಕ ಬಾಟಲಿಯಲ್ಲಿ ನೀರು ಒಯ್ಯಬಹುದು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಗಳಲ್ಲಿ ಟೈಪ್ 1 ಇಲ್ಲ. ತಲಸ್ಸೇಮಿಯಾ, ಹಿಮೋಫಿಲಿಯಾ, ಕಲಿಕಾ ನ್ಯೂನತೆ ಇವೆ. ಅಂಥ ಮಕ್ಕಳಿರುವ ಮನೆಯವರು ಆ ಕಾಯ್ದೆಯಡಿ ಪರೀಕ್ಷೆಯಲ್ಲಿ ಸಿಗುವ ಅನುಕೂಲಗಳ ಬಗ್ಗೆ ಶಾಲೆಯಲ್ಲಿ ವಿಚಾರಿಸಬೇಕು.

ಸೌಲಭ್ಯ ತಾನಾಗಿಯೇ ಬಂದು ಬಾಗಿಲು ತಟ್ಟುವುದಿಲ್ಲ. ನಾವು ಡಾಕ್ಟರ ಪ್ರಮಾಣಪತ್ರ ಹಿಡಿದು ಜನವರಿಯಲ್ಲೇ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಟ್ಟೆವು. ಅವರು ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಪತ್ರ ಬರೆದರು. ಪರೀಕ್ಷೆಯ ದಿನ ಒಂದು ಪಾರದರ್ಶಕ ಚೀಲದಲ್ಲಿ ಗ್ಲೂಕೋಸ್, ಬಾಳೆಹಣ್ಣು, ಬಿಸ್ಕತ್ತು, ನೀರು. ಮೀಟರ್ ಕೊಠಡಿಯ ಮೇಲ್ವಿಚಾರಕರ ಮೇಜಿನ ಮೇಲೆ. ಒಳಗೆ ಹೋಗುವ ಮುನ್ನ ಒಮ್ಮೆ, ನಡುವೆ ಒಮ್ಮೆ ಪರೀಕ್ಷಿಸಿಕೊಂಡಳು. ಎರಡು ಸಲವೂ ಸೇರಿ ನಾಲ್ಕು ನಿಮಿಷ ಹೋಯಿತು ಎಂದು ಬಂದು ಹೇಳಿದಳು.

ಎಲ್ಲವೂ ಸುಸೂತ್ರ ಆಯಿತು ಎಂದರೆ ಸುಳ್ಳಾಗುತ್ತದೆ. ಪೆರ್ನಾಲ್ ಕಳೆದ ಬೆನ್ನಿಗೆ ಜ್ವರ ಬಂತು. ವಿಜ್ಞಾನ ಪರೀಕ್ಷೆಯ ಬೆಳಗ್ಗೆ ಸಕ್ಕರೆ ಮುನ್ನೂರರ ಮೇಲೆ. ಡಾಕ್ಟರಿಗೆ ಫೋನ್ ಮಾಡಿ ಇನ್ಸುಲಿನ್ ಸರಿಪಡಿಸಿ ಕಳುಹಿಸಿದೆವು. ನೀರು ಕುಡಿಯುತ್ತಾ, ಕಣ್ಣುಜ್ಜುತ್ತಾ ಬರೆದು ಬಂದಳು. ಉಳಿದ ಎಲ್ಲ ವಿಷಯಗಳಲ್ಲಿ 85ರ ಮೇಲೆ, ವಿಜ್ಞಾನದಲ್ಲಿ 57. ಈ ಸಲ ಯಾರೂ ಬೈಯಲಿಲ್ಲ. ನಮ್ಮ ರಾಜ್ಯದಲ್ಲಿ 2024ರಿಂದ ಎಸೆಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದದ್ದು ಉಳಿಯುತ್ತದೆ. ಎರಡನೇ ಪರೀಕ್ಷೆಯಲ್ಲಿ ಅದೇ ವಿಜ್ಞಾನದಲ್ಲಿ 88 ಬಂತು. ನಡುವಿನ ಎರಡು ತಿಂಗಳಲ್ಲಿ ಅವಳು ಹೊಸದಾಗಿ ಕಲಿತದ್ದು ಸ್ವಲ್ಪವೇ. ಆ ದಿನ ಜ್ವರ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇಂಥ ಮಗು ನಿಮ್ಮ ಮನೆಯಲ್ಲೂ ಇದ್ದರೆ

ಟೈಪ್ 1 ಮಾತ್ರ ಅಲ್ಲ. ಆಸ್ತಮಾ ಇರುವ ಮಗು ರಾತ್ರಿಯಿಡೀ ಕೆಮ್ಮಿ ನಿದ್ದೆಗೆಟ್ಟು ಪರೀಕ್ಷೆಗೆ ಹೋಗುತ್ತದೆ. ತಲಸ್ಸೇಮಿಯಾ ಇರುವ ಮಗುವಿಗೆ ರಕ್ತ ಕೊಡುವ ದಿನ ಹತ್ತಿರ ಬಂದಂತೆ ಸುಸ್ತು ಹೆಚ್ಚುತ್ತದೆ. ಅಪಸ್ಮಾರದಲ್ಲಿ ಕೆಲವು ಮಕ್ಕಳು ಬೀಳುವುದಿಲ್ಲ, ನಡುಗುವುದಿಲ್ಲ, ಕೆಲವು ಕ್ಷಣ ಕಣ್ಣು ನೆಟ್ಟು ಸುಮ್ಮನಾಗುತ್ತಾರೆ, ಅಷ್ಟರಲ್ಲಿ ಪಾಠದ ಒಂದು ವಾಕ್ಯ ಕಳೆದುಹೋಗಿರುತ್ತದೆ. ಇವರೆಲ್ಲರ ಅಂಕವೂ ಏರಿ ಇಳಿಯುತ್ತದೆ, ಎಲ್ಲರಿಗೂ ಒಂದೇ ಬಿರುದು ಸಿಗುತ್ತದೆ: ಉದಾಸೀನ.

ಆದ್ದರಿಂದ ನಮ್ಮ ಅನುಭವದಿಂದ ಹೇಳುವುದು ಇಷ್ಟು. ಒಂದು ಪುಸ್ತಕ ಇಡಿ, ಮಗುವಿನ ಆರೋಗ್ಯ ಮತ್ತು ಅಂಕ ಎರಡನ್ನೂ ಅದರಲ್ಲೇ ಬರೆಯಿರಿ. ಉತ್ತರ ಪತ್ರಿಕೆಯ ಅಂಕ ಮಾತ್ರ ನೋಡಬೇಡಿ, ಬರಹ ಎಲ್ಲಿ ಕೆಟ್ಟಿತು ಎಂದು ನೋಡಿ. ಆ ಪುಸ್ತಕವನ್ನು ಡಾಕ್ಟರಿಗೂ ಟೀಚರಿಗೂ ತೋರಿಸಿ. ಪರೀಕ್ಷೆಯ ಅನುಮತಿಗೆ ತಿಂಗಳುಗಳ ಮೊದಲೇ ಅರ್ಜಿ ಕೊಡಿ. ಮದ್ರಸಕ್ಕೂ ಹೇಳಿ, ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಮೊದಲು ಮಗುವನ್ನು ನೋಡುವವರು ಉಸ್ತಾದರು. ಮುಖ್ಯವಾಗಿ, ಮುಚ್ಚಿಡಬೇಡಿ. ಮುಚ್ಚಿಟ್ಟ ಮೂರು ವರ್ಷದಲ್ಲಿ ನಮ್ಮ ಮಗಳು ಕಳೆದುಕೊಂಡದ್ದು ಅಂಕ ಮಾತ್ರ ಅಲ್ಲ, ತನಗೆ ಬುದ್ಧಿ ಇದೆ ಎಂಬ ನಂಬಿಕೆಯನ್ನೂ. ಅಂಕ ಬೇಗ ಬಂತು. ನಂಬಿಕೆ ಇನ್ನೂ ಬರುತ್ತಾ ಇದೆ.

ಈಗ ಅವಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಮೊನ್ನೆ ಭೌತಶಾಸ್ತ್ರದ ಟೆಸ್ಟಿನಲ್ಲಿ 40ರಲ್ಲಿ 19. ಸಂಜೆ ಮುಖ ಚಿಕ್ಕದು ಮಾಡಿಕೊಂಡು ಬಂದಳು. ನಾವು ಬಾಯಿ ತೆರೆಯುವ ಮೊದಲೇ ಅಜ್ಜಿ ಕೇಳಿದರು: ‘ಎಷ್ಟು ಗಂಟೆಗೆ ಇತ್ತು ಟೆಸ್ಟು?’ ‘ಹನ್ನೆರಡಕ್ಕೆ.’ ‘ತಿಂದಿದ್ದೆಯಾ?’ ‘ತಿಂದಿದ್ದೆ ಉಮ್ಮಾ, ಶುಗರ್ ಸರಿ ಇತ್ತು. ಪಾಠವೇ ಸರಿ ಓದಿರಲಿಲ್ಲ.’

ಅಜ್ಜಿ ನಕ್ಕುಬಿಟ್ಟರು. ‘ಹಾಗಾದರೆ ಹೋಗಿ ಓದು’ ಎಂದರು.